ಅಡಿಗೊಂದು ಪೌಂಡು, ಕೊನೆಗೊಂದು ನೇಣು

ಬೆಳಗಿನ ಹೊತ್ತು. ಲಂಡನ್ನಿನ ವೆಸ್ಟ್ ಎಂಡ್‌ನ ದೊಡ್ಡದೊಂದು ಚಿತ್ರಮಂದಿರ. ಕಸ ಗುಡಿಸುವ ಹೆಂಗಸರು ಸೀಟುಗಳ ಸಾಲಿನ ನಡುವೆ ವ್ಯಾಕ್ಯೂಮ್ ಕ್ಲೀನರ್ ಎಳೆದಾಡುತ್ತಿದ್ದಾರೆ. ಪರದೆಯ ಮೇಲೆ ಯಾರೋ ಯಾರನ್ನೋ ಕೊಲ್ಲುತ್ತಿದ್ದಾನೆ. ನೋಡುವವರೂ ಇಲ್ಲ, ಕೇಳುವವರೂ ಇಲ್ಲ. ಯಂತ್ರದ ಗುಂಯ್ ಸದ್ದಿನಲ್ಲಿ ಪತ್ತೇದಾರನ ಮಾತು ಮುಳುಗಿಹೋಗಿದೆ. ಪ್ರೊಜೆಕ್ಟರ್ ಓಡಿಸುವವನಿಗೆ ಅದರ ಚಿಂತೆಯೂ ಇಲ್ಲ. ಅವನು ತೋರಿಸುತ್ತಿರುವುದು ಜನರಿಗಲ್ಲ, ಕಾನೂನಿಗೆ.

1930ರ ದಶಕದ ಬ್ರಿಟಿಷ್ ಸಿನಿಮಾದ ಬಗ್ಗೆ ಯಾರು ಮಾತೆತ್ತಿದರೂ ಈ ಪ್ರಸಂಗ ಬಂದೇ ಬರುತ್ತದೆ. ಎಷ್ಟು ಕಡೆ ನಿಜಕ್ಕೂ ನಡೆಯಿತೋ, ಎಷ್ಟು ಕಡೆ ಬಾಯಿಂದ ಬಾಯಿಗೆ ಬೆಳೆಯಿತೋ, ಅದರ ಹಿಂದಿನ ಲೆಕ್ಕಾಚಾರ ಮಾತ್ರ ಅಪ್ಪಟ ನಿಜ. 1920ರ ದಶಕದ ಮಧ್ಯಕ್ಕೆ ಬ್ರಿಟನ್ನಿನ ಪರದೆಗಳ ಮೇಲೆ ಓಡುತ್ತಿದ್ದ ಚಿತ್ರಗಳಲ್ಲಿ ಬ್ರಿಟಿಷರವೇ ಆದವು ನೂರಕ್ಕೆ ಐದರ ಆಸುಪಾಸು. ಉಳಿದದ್ದು ಬಹುಪಾಲು ಹಾಲಿವುಡ್ಡಿನ ಸರಕು. ಭೂಮಿಯ ಕಾಲು ಭಾಗ ಆಳುತ್ತಿದ್ದವರಿಗೆ ತಮ್ಮೂರಿನ ಟೆಂಟಿನಲ್ಲೇ ತಮ್ಮ ಮುಖ ಕಾಣದ ಸ್ಥಿತಿ. 1927ರಲ್ಲಿ ಪಾರ್ಲಿಮೆಂಟು ಸಿನಿಮಾಟೋಗ್ರಾಫ್ ಫಿಲ್ಮ್ಸ್ ಆಕ್ಟ್ ತಂದಿತು. 1928ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ವಿತರಕರು ತಮ್ಮ ಪಟ್ಟಿಯಲ್ಲಿ ಶೇಕಡಾ 7.5ರಷ್ಟು, ಚಿತ್ರಮಂದಿರದವರು ಶೇಕಡಾ 5ರಷ್ಟು ಬ್ರಿಟಿಷ್ ಚಿತ್ರಗಳನ್ನು ಇಟ್ಟುಕೊಳ್ಳಲೇಬೇಕು. ಮುಂದಿನ ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಅದು ಶೇಕಡಾ 20 ಮುಟ್ಟಬೇಕು.

ಕಾನೂನು ಮಾಡಿದವರು ಮರೆತದ್ದು ಒಂದನ್ನು. ಚಿತ್ರ ಬ್ರಿಟಿಷರದ್ದಾಗಿರಬೇಕು ಎಂದು ಬರೆದರು. ಚೆನ್ನಾಗಿರಬೇಕು ಎಂದು ಬರೆಯಲಿಲ್ಲ. ಬರೆಯುವುದಾದರೂ ಹೇಗೆ? ಹಾಲಿವುಡ್ ಕಂಪನಿಗಳ ಲಂಡನ್ ಕಚೇರಿಗಳಿಗೆ ಅಷ್ಟೇ ಸಾಕಾಗಿತ್ತು. ತಮ್ಮ ದೊಡ್ಡ ಚಿತ್ರಗಳನ್ನು ಮಾರಲು ಪರವಾನಗಿ ಬೇಕು, ಪರವಾನಗಿಗೆ ಇಂತಿಷ್ಟು ಅಡಿ ಬ್ರಿಟಿಷ್ ಫಿಲಂ ಬೇಕು. ಹಾಗಿದ್ದರೆ ಅಡಿ ಲೆಕ್ಕದಲ್ಲೇ ಕೊಂಡರಾಯಿತು! ದರ ಅಡಿಗೆ ಒಂದು ಪೌಂಡು. ಚಿಕ್ಕಪೇಟೆಯ ಅಂಗಡಿಯಲ್ಲಿ ಪರದೆ ಬಟ್ಟೆಯನ್ನು ಗಜ ಲೆಕ್ಕದಲ್ಲಿ ಕತ್ತರಿಸಿ ಕೊಟ್ಟಂತೆ. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ; ಆರು ಸಾವಿರ ಅಡಿಯ ಚಿತ್ರವೆಂದರೆ ಒಂದು ಗಂಟೆ ಚಿಲ್ಲರೆ, ಆರು ಸಾವಿರ ಪೌಂಡು. ಅದರೊಳಗೆ ಕಥೆಗಾರ, ನಟ, ಬಡಗಿ, ವಿದ್ಯುತ್ತು, ನಿರ್ಮಾಪಕನ ಲಾಭ ಎಲ್ಲ ಮುಗಿಯಬೇಕು. ಎರಡು ವಾರದಲ್ಲಿ, ಸಾಧ್ಯವಾದರೆ ಅದಕ್ಕೂ ಮೊದಲೇ, ಚಿತ್ರ ಮುಗಿಯಬೇಕು. ಜನ ಅವಕ್ಕೆ ಕೋಟಾ ಕ್ವಿಕೀ ಎಂದು ಹೆಸರಿಟ್ಟರು. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಪದವಿದೆ: ಕಾಟಾಚಾರದ ಚಿತ್ರ.

ಈ ಕಾಯಿದೆಯ ಲೆಕ್ಕದಲ್ಲಿ ಬ್ರಿಟಿಷ್ ಚಿತ್ರ ಎಂದರೆ ಸಾಮ್ರಾಜ್ಯದ ಯಾವ ಮೂಲೆಯಲ್ಲಿ ತಯಾರಾದರೂ ಆದೀತು. ಕೊಲಂಬಿಯಾ ಕಂಪನಿ ಕೆನಡಾದ ವಿಕ್ಟೋರಿಯಾ ಎಂಬ ಊರಿನಲ್ಲಿ ಅಗ್ಗದ ಪೊಲೀಸ್ ಚಿತ್ರಗಳನ್ನು ಸಾಲುಸಾಲಾಗಿ ಮಾಡಿಸಿ ಲಂಡನ್ನಿನ ಕೋಟಾ ತುಂಬಿಸಿತು. ಇದರ ಬಿಸಿ ನಮ್ಮ ಕಡೆಗೂ ತಗುಲಿತ್ತು. ಸಾಮ್ರಾಜ್ಯದ ಚಿತ್ರಗಳಿಗೆ ಭಾರತದಲ್ಲೂ ಆದ್ಯತೆ ಕೊಡಬಹುದೇ ಎಂದು ಪರಿಶೀಲಿಸುವುದು 1927ರಲ್ಲಿ ನೇಮಕವಾದ ಸಿನಿಮಾಟೋಗ್ರಾಫ್ ಸಮಿತಿಯ ಕೆಲಸಗಳಲ್ಲಿ ಒಂದಾಗಿತ್ತು. ಅದರ ಅಧ್ಯಕ್ಷರು ಮದರಾಸಿನ ವಕೀಲ ಟಿ. ರಂಗಾಚಾರಿಯಾರ್. ಅಮೆರಿಕದ ಚಿತ್ರಗಳಿಂದ ಅಪಾಯವಿದ್ದರೆ ಇಂಗ್ಲೆಂಡಿನ ಚಿತ್ರಗಳಿಂದಲೂ ಅಷ್ಟೇ ಅಪಾಯ ಎನ್ನುವುದು ಅವರ ನಿಲುವು. ಸಮಿತಿ ಆದ್ಯತೆಯ ಮಾತನ್ನು ತಳ್ಳಿಹಾಕಿತು. ಹೀಗಾಗಿ ಅಡಿಗೊಂದು ಪೌಂಡಿನ ಕೊಲೆಗಳಿಗೆ ನಮ್ಮ ಟೆಂಟುಗಳಲ್ಲಿ ಕಡ್ಡಾಯದ ಜಾಗ ಸಿಗಲಿಲ್ಲ.

ಕೊಲೆಯೇ ಯಾಕೆ? ಕೋಟಾ ಚಿತ್ರಗಳಲ್ಲಿ ಹಾಸ್ಯವೂ ಇತ್ತು, ಹಾಡೂ ಇತ್ತು. ಆದರೆ ಕೈಯಲ್ಲಿ ಕಾಸಿಲ್ಲದ ನಿರ್ಮಾಪಕನಿಗೆ ಕೊಲೆಯಷ್ಟು ಅನುಕೂಲದ ವಸ್ತು ಇನ್ನೊಂದಿಲ್ಲ. ಒಂದು ಕೋಣೆ, ಒಂದು ಮೇಜು, ಒಂದು ಟೆಲಿಫೋನು, ಒಂದು ಹೆಣ. ಮೂರೇ ಗೋಡೆ ಕಟ್ಟಲು ದುಡ್ಡಿದ್ದರೆ ನಾಲ್ಕನೆಯದನ್ನು ಕತ್ತಲು ಕಟ್ಟಿಕೊಡುತ್ತದೆ. ಬೆಳಕಿಗೆ ದುಡ್ಡು ಕೊಡಬೇಕು, ಕತ್ತಲು ಬಿಟ್ಟಿ. ರಸ್ತೆಯ ಸೆಟ್ ಹಾಕಲಾಗದಿದ್ದರೆ ಮಂಜು ಹರಿಸು, ಲಂಡನ್ನಿನಲ್ಲಿ ಮಂಜಿಗೆ ಯಾರೂ ಕಾರಣ ಕೇಳುವುದಿಲ್ಲ.

ಇಂಥ ಕೆಲಸದ ದೊಡ್ಡ ಕಾರ್ಖಾನೆ ಟ್ವಿಕನ್‌ಹ್ಯಾಮ್ ಸ್ಟುಡಿಯೋ. ಯಜಮಾನ ಜೂಲಿಯಸ್ ಹೇಗನ್. ಹಗಲು ಒಂದು ತಂಡ, ರಾತ್ರಿ ಇನ್ನೊಂದು ತಂಡ. ದೀಪ ಆರುತ್ತಲೇ ಇರಲಿಲ್ಲ. 1933ರಲ್ಲಿ ಇಲ್ಲಿ ಬರ್ನಾರ್ಡ್ ವೋರ್ಹಾಸ್ ಎಂಬ ಅಮೆರಿಕನ್ ನಿರ್ದೇಶಕ 'ದಿ ಘೋಸ್ಟ್ ಕ್ಯಾಮೆರಾ' ಮಾಡಿದ. ರಜೆ ಮುಗಿಸಿ ಮನೆಗೆ ಬಂದ ಒಬ್ಬ ಸಾಧು ಔಷಧ ವ್ಯಾಪಾರಿಗೆ ತನ್ನ ಸಾಮಾನಿನ ಜೊತೆ ಯಾರದೋ ಕ್ಯಾಮೆರಾ ಸಿಗುತ್ತದೆ. ಯಾರದೆಂದು ತಿಳಿಯಲು ಒಳಗಿನ ಫಿಲಂ ತೊಳೆಯುತ್ತಾನೆ. ಒಂದು ಚಿತ್ರದಲ್ಲಿ ಕೊಲೆ ನಡೆಯುತ್ತಿದೆ! ಆ ಚಿತ್ರ ಕಳುವಾಗುತ್ತದೆ. ಉಳಿದ ನೆಗೆಟಿವ್‌ಗಳಲ್ಲಿರುವ ಜಾಗಗಳನ್ನು ಒಂದೊಂದಾಗಿ ಹುಡುಕುತ್ತ ಆತ ಹೊರಡುತ್ತಾನೆ. ಮೂರು ದಶಕದ ಮೇಲೆ ನಿರ್ದೇಶಕ ಆಂಟೋನಿಯೋನಿ ಇದೇ ಲಂಡನ್ನಿನಲ್ಲಿ ಒಂದು ಫೋಟೋದೊಳಗೆ ಕೊಲೆ ಹುಡುಕಿ ಜಗತ್ತಿನ ಮೆಚ್ಚುಗೆ ಗಳಿಸಿದ. ಅಡಿಗೊಂದು ಪೌಂಡಿನವರು ಆ ದಾರಿಯಲ್ಲಿ ಮೊದಲೇ ಒಮ್ಮೆ ನಡೆದು ಹೋಗಿದ್ದರು, ಸದ್ದಿಲ್ಲದೆ. 'ಘೋಸ್ಟ್ ಕ್ಯಾಮೆರಾ'ದ ನಾಯಕಿ ಐಡಾ ಲುಪಿನೋಗೆ ಆಗ ಹದಿನೈದು ವರ್ಷ. ಸಂಶಯಕ್ಕೆ ಗುರಿಯಾದ ಹುಡುಗ ಜಾನ್ ಮಿಲ್ಸ್. ಕತ್ತರಿ ಹಿಡಿದು ಸಂಕಲನಕ್ಕೆ ಕೂತವನು ಡೇವಿಡ್ ಲೀನ್. 'ಲಾರೆನ್ಸ್ ಆಫ್ ಅರೇಬಿಯಾ'ದ ಮರಳುಗಾಡಿಗೆ ಹೊರಟವನು ದಾರಿ ಕಲಿತದ್ದು ಇಲ್ಲಿ, ಒಂದು ಗಂಟೆಯ ಕೊಲೆ ಚಿತ್ರದ ರೀಲುಗಳ ನಡುವೆ.

ನಿರ್ದೇಶಕ ಮೈಕೇಲ್ ಪೊವೆಲ್ ಕೂಡ ಇದೇ ಗರಡಿಯವನು. 1931ರಿಂದ 1936ರ ನಡುವೆ ಇಪ್ಪತ್ತಕ್ಕೂ ಹೆಚ್ಚು ಕೋಟಾ ಚಿತ್ರ ಮಾಡಿದ. ಮೊಟ್ಟಮೊದಲನೆಯದು 'ಟೂ ಕ್ರೌಡೆಡ್ ಅವರ್ಸ್', ಮುಕ್ಕಾಲು ಗಂಟೆಯೂ ಇಲ್ಲದ ಥ್ರಿಲ್ಲರ್. ಅದು ಇವತ್ತು ಎಲ್ಲೂ ಇಲ್ಲ. ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್ 2010ರಲ್ಲಿ ಹೊರಡಿಸಿದ, ತುರ್ತಾಗಿ ಹುಡುಕಬೇಕಾದ 75 ಕಳೆದುಹೋದ ಚಿತ್ರಗಳ ಪಟ್ಟಿಯಲ್ಲಿ ಅದೂ ಒಂದು. ನಟ ಎರೊಲ್ ಫ್ಲಿನ್ ಹಾಲಿವುಡ್ ಹಡಗು ಹತ್ತುವ ಮುಂಚೆ ಟೆಡಿಂಗ್ಟನ್ನಿನ ವಾರ್ನರ್ ಸ್ಟುಡಿಯೋದಲ್ಲಿ ಮಾಡಿದ 'ಮರ್ಡರ್ ಅಟ್ ಮಾಂಟೆ ಕಾರ್ಲೋ' ಕೂಡ ಅದೇ ಪಟ್ಟಿಯಲ್ಲಿದೆ. ಕಾಟಾಚಾರಕ್ಕೆ ಮಾಡಿದ್ದನ್ನು ಯಾರು ಜೋಪಾನ ಮಾಡುತ್ತಾರೆ?

ಹೇಗನ್ನನ ಕಥೆಯೇ ಒಂದು ಸಿನಿಮಾ. ಅಗ್ಗದ ಚಿತ್ರಗಳಿಂದ ಕೈತುಂಬ ಗಳಿಸಿದ. ಆಮೇಲೆ ಮರ್ಯಾದೆ ಬೇಕೆನಿಸಿತು. ದೊಡ್ಡ ಚಿತ್ರಗಳಿಗೆ ಕೈ ಹಾಕಿದ, ವಿತರಣೆಗೂ ತಾನೇ ಇಳಿದ. 1937ರ ಹೊತ್ತಿಗೆ ದಿವಾಳಿ. ಮರುವರ್ಷ ಹೊಸ ಕಾಯಿದೆ ಬಂದು, ಕೋಟಾಕ್ಕೆ ಸೇರಬೇಕಾದರೆ ಚಿತ್ರವೊಂದಕ್ಕೆ ಕೂಲಿ-ಸಂಬಳದ ಬಾಬತ್ತಿಗೇ ಕನಿಷ್ಠ 7,500 ಪೌಂಡು ಖರ್ಚಾಗಿರಬೇಕು ಎಂದು ಕಟ್ಟು ಹಾಕಿತು. ಕ್ವಿಕೀಗಳ ಕಾಲ ಅಲ್ಲಿಗೆ ಮುಗಿಯಿತು.

ಆದರೆ ಅಗ್ಗದ ಕೊಲೆ ಸಾಯಲಿಲ್ಲ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಬ್ರಿಟನ್ನಿನಲ್ಲಿ ಮಾರಾಟವಾದ ಸಿನಿಮಾ ಟಿಕೆಟ್ಟುಗಳು 163 ಕೋಟಿ. ಅಷ್ಟು ಜನರಿಗೆ ಒಂದು ಟಿಕೆಟ್ಟಿಗೆ ಎರಡು ಚಿತ್ರ ನೋಡುವ ಅಭ್ಯಾಸ. ದೊಡ್ಡ ಚಿತ್ರ ಒಂದು, ಅದರ ಮುಂಚೆ ಚಿಕ್ಕದೊಂದು, ನಡುವೆ ವಾರ್ತಾಚಿತ್ರ, ಐಸ್‌ಕ್ರೀಮು. ಆಟ ಮಧ್ಯಾಹ್ನ ಶುರುವಾದರೆ ರಾತ್ರಿವರೆಗೆ ನಿಲ್ಲದೆ ಓಡುತ್ತಿತ್ತು. ಜನ ಯಾವಾಗ ಬೇಕಾದರೂ ಒಳಗೆ ಬಂದು, ತಾವು ಬಂದಾಗ ಕಂಡ ದೃಶ್ಯ ಮತ್ತೆ ಬಂದ ಕೂಡಲೇ ಎದ್ದು ಹೋಗುತ್ತಿದ್ದರು. ಎಂದರೆ ಕೊಲೆಗಾರ ಯಾರೆಂದು ಮೊದಲು ತಿಳಿದು, ಆಮೇಲೆ ಕೊಲೆ ನೋಡಿದವರೇ ಎಷ್ಟೋ ಮಂದಿ. ಯಾರು ಮಾಡಿದರು ಎನ್ನುವುದಕ್ಕಿಂತ ಸಿಕ್ಕಿಬೀಳುತ್ತಾನೋ ಇಲ್ಲವೋ ಎನ್ನುವುದರ ಮೇಲೆ ಈ ಚಿತ್ರಗಳು ನಿಂತದ್ದಕ್ಕೆ ಇದೂ ಒಂದು ಕಾರಣ ಇರಬೇಕು ಎಂದು ನನ್ನ ಗುಮಾನಿ.

ಸರ್ಕಾರದ ಕೈಯಂತೂ ಚಿತ್ರೋದ್ಯಮವನ್ನು ಬಿಡಲಿಲ್ಲ. 1947ರ ಆಗಸ್ಟ್‌ನಲ್ಲಿ ಡಾಲರ್ ಉಳಿಸಲು ಹಣಕಾಸು ಸಚಿವ ಹ್ಯೂ ಡಾಲ್ಟನ್ ವಿದೇಶಿ ಚಿತ್ರಗಳ ಮೇಲೆ ಶೇಕಡಾ 75 ಸುಂಕ ಹೇರಿದ. ಹಾಲಿವುಡ್ ಚಿತ್ರ ಕಳಿಸುವುದನ್ನೇ ನಿಲ್ಲಿಸಿತು. ಏಳು ತಿಂಗಳಲ್ಲಿ ಸರ್ಕಾರ ತಲೆಬಾಗಿತು. ಆಮೇಲೆ ಬಂದದ್ದು ಈಡಿ ಲೆವಿ, ಖಜಾನೆ ಅಧಿಕಾರಿ ಸರ್ ವಿಲ್ಫ್ರೆಡ್ ಈಡಿಯ ಹೆಸರಿನದು. 1950ರಿಂದ ಪ್ರತಿ ಟಿಕೆಟ್ಟಿನ ಹಣದಲ್ಲಿ ಒಂದು ಪಾಲು ಒಟ್ಟುಗೂಡಿಸಿ ಬ್ರಿಟಿಷ್ ಚಿತ್ರಗಳಿಗೆ ಗಳಿಕೆಯ ಪ್ರಮಾಣದಲ್ಲಿ ಹಂಚುವ ಏರ್ಪಾಡು. ಮೂರು ಸಾವಿರ ಅಡಿಯೊಳಗಿನ ಕಿರುಚಿತ್ರವಾದರೆ ಗಳಿಕೆಯನ್ನು ಎರಡೂವರೆ ಪಟ್ಟು ಎಂದು ಲೆಕ್ಕ ಹಿಡಿಯುತ್ತಿದ್ದರು. ಮರ್ಟನ್ ಪಾರ್ಕ್ ಸ್ಟುಡಿಯೋದ 'ಸ್ಕಾಟ್ಲೆಂಡ್ ಯಾರ್ಡ್' ಸರಣಿಯ ಚಿತ್ರಗಳು ಅರ್ಧ ಗಂಟೆಯ ಆಸುಪಾಸಿನಲ್ಲಿ ನಿಂತದ್ದರ ಗುಟ್ಟು ಕಲೆಯಲ್ಲಿಲ್ಲ, ಗಣಿತದಲ್ಲಿದೆ. 1953ರಿಂದ 1961ರವರೆಗೆ ಅಂಥವು 39 ಬಂದವು. ಎಡ್ಗರ್ ಲಸ್ಟ್‌ಗಾರ್ಟನ್ ಎಂಬ ಬ್ಯಾರಿಸ್ಟರ್ ಪುಸ್ತಕಗಳ ನಡುವೆ ಕೂತು, ಊಟದ ಮೆನು ಓದಿದಷ್ಟು ತಣ್ಣನೆಯ ದನಿಯಲ್ಲಿ ಕೊಲೆಯ ವಿವರ ಹೇಳುತ್ತಾನೆ. ಕಪ್ಪು ವುಲ್ಸ್‌ಲಿ ಕಾರು ಗಂಟೆ ಬಾರಿಸುತ್ತ ಬರುತ್ತದೆ. ಹೌದು, ಆಗಿನ ಪೊಲೀಸ್ ಕಾರಿಗೆ ಸೈರನ್ ಅಲ್ಲ, ಗಂಟೆ.

ಸ್ಟುಡಿಯೋ ಎಂದರೂ ಬಹಳ ಕಡೆ ಅದು ಯಾರೋ ಶ್ರೀಮಂತರು ಬಿಟ್ಟುಹೋದ ಮನೆ. ಹ್ಯಾಮರ್ ಕಂಪನಿ ಹಳ್ಳಿಗಾಡಿನ ಬಂಗಲೆಗಳನ್ನು ಒಂದಾದ ಮೇಲೊಂದು ಹಿಡಿದು, ಅವುಗಳ ಮೆಟ್ಟಿಲು, ಪಡಸಾಲೆ, ತೋಟಗಳಲ್ಲೇ ಚಿತ್ರ ಮುಗಿಸುತ್ತಿತ್ತು. ಕೊನೆಗೆ ಥೇಮ್ಸ್ ದಡದ ಡೌನ್ ಪ್ಲೇಸ್ ಎಂಬ ಮನೆಯಲ್ಲಿ ನೆಲೆಯೂರಿ ಅದನ್ನೇ ಬ್ರೇ ಸ್ಟುಡಿಯೋ ಎಂದು ಕರೆಯಿತು. ಅಮೆರಿಕದ ವಿತರಕ ರಾಬರ್ಟ್ ಲಿಪರ್ಟ್ ಜೊತೆ ಒಪ್ಪಂದವಾದ ಮೇಲೆ ಪ್ರತಿ ಚಿತ್ರಕ್ಕೂ ಒಬ್ಬ ಹಾಲಿವುಡ್ ನಟ ವಿಮಾನದಿಂದ ಇಳಿಯುತ್ತಿದ್ದ: ಡೇನ್ ಕ್ಲಾರ್ಕ್, ಸೀಸರ್ ರೊಮೆರೊ, ಡ್ಯಾನ್ ಡುರಿಯಾ. ಹೆಸರಿಗೆ ಇನ್ನೂ ಹೊಳಪು, ದರ ಮಾತ್ರ ಇಳಿದದ್ದು. ಡ್ಯಾನ್‌ಜಿಗರ್ ಸೋದರರೆಂಬ ನಿರ್ಮಾಪಕರಂತೂ ಮಿತವ್ಯಯವನ್ನು ಒಂದು ವಿದ್ಯೆಯಾಗಿಯೇ ಮಾಡಿಕೊಂಡಿದ್ದರು. ಅವರ ಬಳಿ ಬರಹಗಾರನಾಗಿದ್ದ ಬ್ರಯಾನ್ ಕ್ಲೆಮೆನ್ಸ್ ಮುಂದೆ ನೆನೆಸಿಕೊಂಡ ಹಾಗೆ, ಕಥೆ ಮೊದಲು ಸೆಟ್ ಆಮೇಲೆ ಎನ್ನುವುದು ಅಲ್ಲಿ ತಲೆಕೆಳಗು. ಎಲ್ಲಿಂದಲೋ ಉಳಿಕೆ ಸೆಟ್ಟುಗಳು ಸಿಕ್ಕಿವೆ, ಒಂದು ಕೋರ್ಟು, ಒಂದು ಸಬ್‌ಮೆರೀನು. ಎರಡೂ ಬರುವ ಹಾಗೆ ಒಂದು ಕಥೆ ಹೊಸೆ. ಹೊಸೆಯುತ್ತಿದ್ದ. ಮುಂದೆ ಟಿವಿಯಲ್ಲಿ 'ದಿ ಅವೆಂಜರ್ಸ್' ಬರೆದು ಹೆಸರು ಮಾಡಿದವನು ಇವನೇ.

ಇವುಗಳಲ್ಲಿ ಬಹುಪಾಲು ಚಿತ್ರಗಳು ಸಾಧಾರಣ, ಕೆಲವು ಶುದ್ಧ ಕೆಟ್ಟವು. ತಡರಾತ್ರಿ ಕೂತು ಸುಮಾರು ನೋಡಿದ್ದೇನೆ. ನೈಟ್ ಕ್ಲಬ್ಬಿನ ದೃಶ್ಯದಲ್ಲಿ ನಾಲ್ಕೇ ಮೇಜು, ಎಲ್ಲ ಚಿತ್ರದಲ್ಲೂ ಅದೇ ವೇಟರ್ ಎನಿಸಿಬಿಡುತ್ತದೆ. ಆದರೂ ಹತ್ತರಲ್ಲಿ ಒಂದು ಇದ್ದಕ್ಕಿದ್ದಂತೆ ಕತ್ತಿನ ಪಟ್ಟಿ ಹಿಡಿಯುತ್ತದೆ. 1957ರ 'ದಿ ಫ್ಲೈಯಿಂಗ್ ಸ್ಕಾಟ್' ನೋಡಿ. ರಾತ್ರಿ ರೈಲಿನಿಂದ ನೋಟಿನ ಮೂಟೆ ಎಗರಿಸುವ ಕಥೆ. ಮೊದಲ ಸುಮಾರು ಕಾಲು ಗಂಟೆ ಒಂದೇ ಒಂದು ಮಾತಿಲ್ಲ. ಬೋಗಿಯ ಗೋಡೆ ಬಿಚ್ಚುತ್ತಾರೆ, ಮೂಟೆ ಎಳೆಯುತ್ತಾರೆ, ಕಿಟಕಿಯಿಂದ ಎಸೆಯುತ್ತಾರೆ, ಎಲ್ಲ ಗಡಿಯಾರದ ಹಾಗೆ. ಆಮೇಲೆ ತಿಳಿಯುತ್ತದೆ, ನಾವು ನೋಡಿದ್ದು ಕಳ್ಳತನವಲ್ಲ, ಕಳ್ಳತನದ ಯೋಜನೆ. ನಿಜವಾದ ರಾತ್ರಿ ಬಂದಾಗ ಗೋಡೆ ಸುಲಭಕ್ಕೆ ಬಿಚ್ಚುವುದಿಲ್ಲ. ನಿರ್ದೇಶಕ ಕಾಂಪ್ಟನ್ ಬೆನೆಟ್ ಏಳು ವರ್ಷದ ಹಿಂದೆ ಹಾಲಿವುಡ್ಡಿನ 'ಕಿಂಗ್ ಸೊಲೊಮನ್ಸ್ ಮೈನ್ಸ್'ನ ನಿರ್ದೇಶಕರಲ್ಲಿ ಒಬ್ಬನಾಗಿದ್ದವನು. ಇಳಿದು ಬಂದು ಇಲ್ಲಿ ಒಂದು ಬೋಗಿಯೊಳಗೆ ಕೂತಿದ್ದ. ಆರು ವರ್ಷದ ಮೇಲೆ, 1963ರ ಆಗಸ್ಟ್‌ನಲ್ಲಿ, ನಿಜವಾದ ಕಳ್ಳರು ಗ್ಲ್ಯಾಸ್ಗೋ-ಲಂಡನ್ ಅಂಚೆ ರೈಲು ನಿಲ್ಲಿಸಿ 26 ಲಕ್ಷ ಪೌಂಡು ಹೊತ್ತೊಯ್ದರು.

ಇನ್ನು ನೇಣಿನ ವಿಚಾರ. ಈ ಚಿತ್ರಗಳ ಎದೆಬಡಿತ ಎಲ್ಲಿಂದ ಬರುತ್ತದೆ ಎಂದು ಹುಡುಕಿದರೆ ಸಿಗುವುದು ಹಗ್ಗ. ಇವತ್ತಿನ ಥ್ರಿಲ್ಲರ್‌ನಲ್ಲಿ ಕಳ್ಳ ಸಿಕ್ಕಿಬಿದ್ದರೆ ಜೈಲು. ಆಗ ಕಳ್ಳನ ಏಟಿಗೆ ಕಾವಲುಗಾರ ಸತ್ತರೆ, ಹಗ್ಗಕ್ಕೆ ಕಳ್ಳನ ಕುತ್ತಿಗೆ. 1953ರ ಜನವರಿಯಲ್ಲಿ ಹತ್ತೊಂಬತ್ತರ ಡೆರೆಕ್ ಬೆಂಟ್ಲಿಯನ್ನು ಗಲ್ಲಿಗೇರಿಸಿದರು. ಪೊಲೀಸನಿಗೆ ಗುಂಡು ಹೊಡೆದವನು ಅವನಲ್ಲ, ಜೊತೆಗಿದ್ದ ಹದಿನಾರರ ಹುಡುಗ. ಆ ಹುಡುಗನ ವಯಸ್ಸು ನೇಣಿಗೆ ಸಾಲಲಿಲ್ಲ. 1955ರಲ್ಲಿ ರೂತ್ ಎಲ್ಲಿಸ್ ಎಂಬ ಹೆಣ್ಣಿನ ಸರದಿ. ನೇಣು ಬೇಕೇ ಬೇಡವೇ ಎಂದು ದೇಶ ಎರಡು ಪಾಲಾಗಿ ವಾದಿಸುತ್ತಿತ್ತು. ಆ ವಾದದ ನಡುವೆಯೇ ನಿರ್ದೇಶಕ ಜೋಸೆಫ್ ಲೋಸಿ ಇದ್ದ. ಹಾಲಿವುಡ್ಡಿನ ಕಮ್ಯುನಿಸ್ಟ್ ವಿರೋಧಿ ಕಪ್ಪುಪಟ್ಟಿಯಿಂದ ತಪ್ಪಿಸಿಕೊಂಡು ಲಂಡನ್ನಿಗೆ ಬಂದ ಆತ 1954ರಲ್ಲಿ 'ದಿ ಸ್ಲೀಪಿಂಗ್ ಟೈಗರ್' ಮಾಡಿದಾಗ ತನ್ನ ಹೆಸರು ಹಾಕಲಾಗದೆ ನಿರ್ಮಾಪಕ ವಿಕ್ಟರ್ ಹ್ಯಾನ್‌ಬರಿಯ ಹೆಸರು ಹಾಕಿದ್ದ. ಸ್ವಂತ ಹೆಸರಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ 'ಟೈಮ್ ವಿದೌಟ್ ಪಿಟಿ' 1957ರದು. ನೇಣಿಗೆ ಒಂದೇ ದಿನ ಉಳಿದಿರುವ ಮಗನನ್ನು ಉಳಿಸಲು ಒದ್ದಾಡುವ ಕುಡುಕ ತಂದೆಯ ಕಥೆ.

ಅದೇ ವರ್ಷ ಬಂದ ಹೋಮಿಸೈಡ್ ಆಕ್ಟ್ ಕೊಲೆಗಳನ್ನು ಎರಡು ರಾಶಿ ಮಾಡಿತು. ಗುಂಡಿಕ್ಕಿ ಕೊಂದರೆ, ಪೊಲೀಸನನ್ನು ಕೊಂದರೆ, ಕಳ್ಳತನ ಮಾಡುವಾಗ ಕೊಂದರೆ ನೇಣು. ಹೆಂಡತಿಗೆ ತಿಂಗಳುಗಟ್ಟಲೆ ತಣ್ಣಗೆ ವಿಷವಿಕ್ಕಿ ಕೊಂದವನಿಗೆ ಜೀವಾವಧಿ! ವಿಷ ಪಟ್ಟಿಯಲ್ಲಿ ಇರಲೇ ಇಲ್ಲ. ಈ ವಿಚಿತ್ರ ಪಟ್ಟಿಯನ್ನು ನ್ಯಾಯಾಧೀಶರಿಗಿಂತ ಚೆನ್ನಾಗಿ ಓದಿಕೊಂಡವರು ಅಗ್ಗದ ಚಿತ್ರಗಳ ಸ್ಕ್ರಿಪ್ಟ್ ಬರಹಗಾರರು. ಕಳ್ಳತನಕ್ಕೆ ಹೋದವನ ಕೈಯಲ್ಲಿ ಅಕಸ್ಮಾತ್ ಒಬ್ಬ ಸಾಯುವಂತಿದ್ದಾನೆ, ಇನ್ನೂ ಸತ್ತಿಲ್ಲ. ಬದುಕಿದರೆ ಕೆಲವು ವರ್ಷ ಜೈಲು, ಸತ್ತರೆ ಹಗ್ಗ. ಕಾನೂನೇ ಕಥೆಯ ಮುಕ್ಕಾಲು ಪಾಲು ಬರೆದುಕೊಟ್ಟಿತ್ತು.

1961ರ 'ದಿ ಮ್ಯಾನ್ ಇನ್ ದಿ ಬ್ಯಾಕ್ ಸೀಟ್' ಒಂದು ಗಂಟೆಯೂ ಇಲ್ಲ. ನಿರ್ದೇಶಕ ವರ್ನನ್ ಸ್ಯೂವೆಲ್. ದುಡ್ಡು ಉಳಿಸಲು ತನ್ನ ಸ್ವಂತ ದೋಣಿಯನ್ನೇ ಸೆಟ್ ಮಾಡಿಕೊಂಡು 'ಘೋಸ್ಟ್ ಶಿಪ್' ತೆಗೆದವನು. ಇಬ್ಬರು ಹುಡುಗರು ನಾಯಿ ರೇಸಿನ ಬುಕ್ಕಿಯೊಬ್ಬನನ್ನು ಹೊಡೆದು ಹಣದ ಚೀಲ ಕಸಿಯಲು ನೋಡುತ್ತಾರೆ. ಚೀಲ ಅವನ ಮಣಿಕಟ್ಟಿಗೆ ಸರಪಳಿಯಲ್ಲಿ ಬಿಗಿದಿದೆ. ಬೀಗದ ಕೈ ಇಲ್ಲ. ಪ್ರಜ್ಞೆ ತಪ್ಪಿದ ಮನುಷ್ಯನನ್ನು ಅವನದೇ ಕಾರಿನ ಹಿಂದಿನ ಸೀಟಿಗೆ ತುರುಕಿ ರಾತ್ರಿಯಿಡೀ ಲಂಡನ್ ಸುತ್ತುತ್ತಾರೆ. ಚೀಲ ಬಿಡಿಸಿಕೊಂಡ ಮೇಲಾದರೂ ಬಿಟ್ಟುಹೋಗಬಹುದಲ್ಲ? ಆಗುವುದಿಲ್ಲ. ಎಲ್ಲಿ ಇಳಿಸಲು ಹೋದರೂ ಯಾರೋ ಬರುತ್ತಾರೆ. ಆಸ್ಪತ್ರೆಗೆ ಒಯ್ದರೆ ಸಿಕ್ಕಿಬೀಳುತ್ತಾರೆ, ಒಯ್ಯದಿದ್ದರೆ ಅವನು ಸಾಯುತ್ತಾನೆ. ಚಿತ್ರದ ಹೆಚ್ಚಿನ ಪಾಲು ನಡೆಯುವುದು ಆ ಕಾರಿನೊಳಗೆ: ಮುಂದೆ ಇಬ್ಬರ ಮುಖ, ನಡುವೆ ಹಿಂಬದಿಯ ಕನ್ನಡಿ, ಹಿಂದೆ ಹ್ಯಾಟು ಹಾಕಿದ ಒಂದು ಆಕಾರ. ನಮ್ಮಲ್ಲಿ ಹೆಗಲೇರಿದ ಬೇತಾಳ ಕಥೆಯನ್ನಾದರೂ ಹೇಳುತ್ತದೆ. ಇಲ್ಲಿನದು ಬಾಯಿ ಬಿಡದ ಬೇತಾಳ.

ಮರುವರ್ಷ ಸ್ಯೂವೆಲ್ಲನದೇ 'ಸ್ಟ್ರಾಂಗ್‌ರೂಮ್'. ರಜೆಯ ವಾರಾಂತ್ಯಕ್ಕೆ ಬ್ಯಾಂಕು ಮುಚ್ಚುವ ಹೊತ್ತಿಗೆ ನುಗ್ಗಿದ ಮೂವರು ಕಳ್ಳರು. ಅಷ್ಟರಲ್ಲಿ ಗುಡಿಸುವ ಹೆಂಗಸರು ಬಂದುಬಿಡುತ್ತಾರೆ. ಗಾಬರಿಯಲ್ಲಿ ಮ್ಯಾನೇಜರನ್ನೂ ಅವನ ಕಾರ್ಯದರ್ಶಿಯನ್ನೂ ಖಜಾನೆಯೊಳಗೆ ಕೂಡಿ ಬೀಗ ಜಡಿಯುತ್ತಾರೆ. ಒಳಗೆ ಗಾಳಿ ಬಾರದು. ಪೊಲೀಸರಿಗೆ ಕೀಲಿಕೈ ಸಿಗುವ ಹಾಗೆ ಮಾಡಿ ಬರುತ್ತೇನೆಂದು ಹೋದ ಕಳ್ಳ ರಸ್ತೆ ಅಪಘಾತದಲ್ಲಿ ಸಾಯುತ್ತಾನೆ, ಕೀಲಿಕೈ ಶವಾಗಾರ ಸೇರುತ್ತದೆ. ಉಳಿದಿಬ್ಬರು ಈಗ ತಾವು ದೋಚಿದ ಬ್ಯಾಂಕಿಗೇ ಮತ್ತೆ ನುಗ್ಗಬೇಕು, ಈ ಸಲ ಹಣಕ್ಕಲ್ಲ, ಇಬ್ಬರನ್ನು ಹೊರಗೆ ತರಲು. ದಯೆಯಿಂದಲೋ ಹಗ್ಗದ ಭಯದಿಂದಲೋ ಎನ್ನುವುದನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ. ಒಳಗೆ ಇಷ್ಟು ದಿನ ಒಬ್ಬರಿಗೊಬ್ಬರು ಅಪರಿಚಿತರಂತಿದ್ದ ಮ್ಯಾನೇಜರ್ ಮತ್ತು ಕಾರ್ಯದರ್ಶಿ ಉಸಿರು ಲೆಕ್ಕ ಹಾಕುತ್ತ ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಮುಗಿಯುವ ರೀತಿಯನ್ನು ಹೇಳಲಾರೆ. ತಟಕ್ಕನೆ ಮುಗಿಯುತ್ತದೆ, ಯಾರೋ ಬಾಗಿಲು ಬಡಿದ ಹಾಗೆ.

'ಬ್ಯಾಕ್ ಸೀಟ್' ತಯಾರಾದ ಬೀಕನ್ಸ್‌ಫೀಲ್ಡ್ ಸ್ಟುಡಿಯೋಗೂ ಈ ಕಥೆಯ ಮೊದಲಿಗೂ ಒಂದು ನಂಟಿದೆ. 1927ರಲ್ಲಿ ಅದು ಬ್ರಿಟಿಷ್ ಲಯನ್ ಕಂಪನಿಯ ಕೈಗೆ ಬಂದಾಗ ಅಧ್ಯಕ್ಷನಾಗಿದ್ದವನು ಎಡ್ಗರ್ ವಾಲೇಸ್. ವಾರಕ್ಕೊಂದು ಕಾದಂಬರಿ ಬರೆಯಬಲ್ಲ, ಅದಕ್ಕಿಂತ ಬೇಗ ದುಡ್ಡು ಕಳೆಯಬಲ್ಲ ಮನುಷ್ಯ. 1905ರಲ್ಲಿ 'ದಿ ಫೋರ್ ಜಸ್ಟ್ ಮೆನ್' ಸ್ವತಃ ಅಚ್ಚು ಹಾಕಿಸಿ, ಕೊಲೆ ಹೇಗೆ ನಡೆಯಿತೆಂದು ಸರಿಯಾಗಿ ಊಹಿಸಿದವರಿಗೆ ಒಟ್ಟು 500 ಪೌಂಡು ಬಹುಮಾನ ಸಾರಿದ. ಎಷ್ಟು ಜನರಿಗೆ ಎಂದು ಮಿತಿ ಹಾಕಲು ಮರೆತ. ಸರಿಯುತ್ತರ ಬರೆದವರು ಬಹಳ ಮಂದಿ ಇದ್ದರು. ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು, ಲೇಖಕ ಮುಳುಗಿದ. 1932ರಲ್ಲಿ ಹಾಲಿವುಡ್ಡಿನಲ್ಲಿ 'ಕಿಂಗ್ ಕಾಂಗ್' ಕೆಲಸದ ನಡುವೆ ತೀರಿಕೊಂಡಾಗಲೂ ಸಾಲಗಾರನೇ.

ಅವನು ಸತ್ತು ಮೂರು ದಶಕವಾಗುತ್ತಿದ್ದಾಗ ಮರ್ಟನ್ ಪಾರ್ಕಿನವರು ಅವನ ಕಥೆಗಳ ಹಕ್ಕು ಕೊಂಡರು. 1960ರಿಂದ 1965ರ ನಡುವೆ ನಿರ್ಮಾಪಕ ಜ್ಯಾಕ್ ಗ್ರೀನ್‌ವುಡ್ ನಲವತ್ತಕ್ಕೂ ಹೆಚ್ಚು ಚಿತ್ರ ಮುಗಿಸಿದ. ಒಂದೊಂದೂ ಸುಮಾರು ಒಂದು ಗಂಟೆ. ಮಂಜಿನ ನಡುವೆ ವಾಲೇಸನ ಎದೆಮಟ್ಟದ ಪ್ರತಿಮೆ ಮೆಲ್ಲಗೆ ತಿರುಗುತ್ತದೆ, ಹಿಂದೆ ಗಿಟಾರಿನ ರಾಗ. ಅದೇ ರಾಗವನ್ನು ದಿ ಶ್ಯಾಡೋಸ್ ತಂಡ 'ಮ್ಯಾನ್ ಆಫ್ ಮಿಸ್ಟರಿ' ಎಂದು ನುಡಿಸಿ ಜನಪ್ರಿಯ ಮಾಡಿತು. ಹಳೇ ಕಾಲದ ಉಡುಪು, ಕುದುರೆಗಾಡಿಗೆ ದುಡ್ಡಿಲ್ಲ, ಆದ್ದರಿಂದ ಕಥೆಗಳನ್ನೆಲ್ಲ 1960ಕ್ಕೆ ಎಳೆದು ತಂದರು. ಅದೇ ಅವುಗಳ ಭಾಗ್ಯವಾಯಿತು. ಕಾಫಿ ಬಾರು, ಹೊಸ ಫ್ಲ್ಯಾಟು, ಸ್ಟುಡಿಯೋ ಸುತ್ತಲಿನ ಬೀದಿ, ಎಲ್ಲ ಇದ್ದ ಹಾಗೆ ದಾಖಲಾದವು. 1962ರ 'ಸೋಲೋ ಫಾರ್ ಸ್ಪ್ಯಾರೋ'ದ ಮೂಲೆಯೊಂದರಲ್ಲಿ ಪುಂಡನಾಗಿ ನಿಂತಿರುವ ತೆಳ್ಳನೆಯ ಹುಡುಗ ಮೈಕೇಲ್ ಕೇನ್.

ಇಡೀ ಯುಗದಿಂದ ಒಂದೇ ಚಿತ್ರ ಉಳಿಸು ಎಂದು ನನ್ನನ್ನು ಕೇಳಿದರೆ 'ಕ್ಯಾಶ್ ಆನ್ ಡಿಮ್ಯಾಂಡ್' ಕೈಗೆತ್ತಿಕೊಳ್ಳುತ್ತೇನೆ. 1961ರಲ್ಲಿ ಬ್ರೇಯಲ್ಲಿ ಹ್ಯಾಮರ್ ಸುಮಾರು 37 ಸಾವಿರ ಪೌಂಡಿನಲ್ಲಿ ತೆಗೆದದ್ದು, ನಿರ್ದೇಶಕ ಕ್ವೆಂಟಿನ್ ಲಾರೆನ್ಸ್. ಮೂಲ ಒಂದು ಟಿವಿ ನಾಟಕ. ಕ್ರಿಸ್‌ಮಸ್‌ಗೆ ಎರಡು ದಿನ. ಹೊರಗೆ ಹಿಮ. ಸಣ್ಣ ಊರಿನ ಬ್ಯಾಂಕಿನ ಮ್ಯಾನೇಜರ್ ಫೋರ್ಡೈಸ್ ಒಳಗೆ ಬರುತ್ತಾನೆ. ಪಾತ್ರ ಪೀಟರ್ ಕುಶಿಂಗ್‌ನದು. ಕೌಂಟರಿನ ಪೆನ್ನಿನ ನಿಬ್ಬಿನಲ್ಲೂ ಅವನಿಗೆ ತಪ್ಪು ಕಾಣುತ್ತದೆ. ಹತ್ತು ಪೌಂಡಿನ ಲೆಕ್ಕದ ತಪ್ಪಿಗಾಗಿ ಹಿರಿಯ ಗುಮಾಸ್ತ ಪಿಯರ್ಸನ್ನನ ಅನ್ನಕ್ಕೇ ಕಲ್ಲು ಹಾಕಲು ಹೊರಟಿದ್ದಾನೆ. ನೌಕರರ ಹಬ್ಬದ ಪಾರ್ಟಿಗೆ ಅವನನ್ನು ಮನಸಾರೆ ಕರೆಯುವವರಿಲ್ಲ. ಆಗ ವಿಮಾ ಕಂಪನಿಯ ತಪಾಸಣೆಗೆಂದು ಒಬ್ಬ ಕರ್ನಲ್ ಬರುತ್ತಾನೆ: ನಗುಮುಖ, ಒಳ್ಳೆಯ ಕೋಟು, ಒಳ್ಳೆಯ ಮಾತು. ಈ ಪಾತ್ರ ಆಂದ್ರೆ ಮೊರೆಲ್‌ನದು. ಬಾಗಿಲು ಮುಚ್ಚಿದ ಮೇಲೆ ಟೆಲಿಫೋನಿನಲ್ಲಿ ಫೋರ್ಡೈಸ್‌ಗೆ ಹೆಂಡತಿಯ ಚೀತ್ಕಾರ ಕೇಳಿಸುತ್ತದೆ. ತನ್ನ ಕೈಯಿಂದಲೇ ತನ್ನ ಬ್ಯಾಂಕಿನ 93 ಸಾವಿರ ಪೌಂಡನ್ನು ಸೂಟ್‌ಕೇಸುಗಳಿಗೆ ತುಂಬಿ ಕೊಡಬೇಕು, ಯಾರಿಗೂ ಗುಮಾನಿ ಬಾರದ ಹಾಗೆ.

ಪಿಸ್ತೂಲು ಸಿಡಿಯುವುದಿಲ್ಲ, ಕಾರು ಓಡುವುದಿಲ್ಲ. ಇಡೀ ಚಿತ್ರದಲ್ಲಿ ನಮಗೆ ಸಿಗುವುದು ಕುಶಿಂಗನ ಮುಖ ಮತ್ತು ಕೈ. ಬೆಳಗ್ಗೆ ನಿಬ್ಬು ಪರೀಕ್ಷಿಸಿದ ಅದೇ ಬೆರಳುಗಳು ಈಗ ನಡುಗುತ್ತವೆ. ಹಣೆಯ ಬೆವರು ಒರೆಸುವುದಕ್ಕೂ ಅಪ್ಪಣೆ ಬೇಕು ಎನ್ನುವ ಹಾಗೆ ಕೂರುತ್ತಾನೆ. ಗುಮಾಸ್ತ ಒಳಗೆ ಬಂದಾಗ ಯಾವಾಗಿನ ಗಡಸು ದನಿಯಲ್ಲೇ ಗದರಬೇಕು, ಆ ದನಿ ಈಗ ಗಂಟಲಿನಿಂದ ಏಳುತ್ತಿಲ್ಲ. ಕಳ್ಳನಿಗೆ ಬ್ಯಾಂಕಿನ ಹಣದಷ್ಟೇ ಆಸಕ್ತಿ ಮ್ಯಾನೇಜರನ ಎದೆಯ ಖಾಲಿತನದಲ್ಲೂ ಇದೆ; ಮನೆಯವರ ಬಗ್ಗೆ, ನೌಕರರ ಬಗ್ಗೆ ಕೇಳುತ್ತ ಕೇಳುತ್ತ ಅವನನ್ನು ಸಿಪ್ಪೆ ಸುಲಿದ ಹಾಗೆ ಸುಲಿಯುತ್ತಾನೆ. ಎರಡು ವರ್ಷದ ಹಿಂದೆ ಇವರಿಬ್ಬರೇ ಹ್ಯಾಮರ್‌ನ ಬಾಸ್ಕರ್‌ವಿಲ್ ಚಿತ್ರದಲ್ಲಿ ಹೋಮ್ಸ್ ಮತ್ತು ವಾಟ್ಸನ್. ಇಲ್ಲಿ ವಾಟ್ಸನ್ ಕಳ್ಳನಾಗಿ ಹೋಮ್ಸನನ್ನು ಆಟವಾಡಿಸುತ್ತಿದ್ದಾನೆ. ಇಂಥ ಚಿತ್ರ ಬ್ರಿಟನ್ನಿನಲ್ಲಿ ತೆರೆ ಕಂಡದ್ದು ಎರಡು ವರ್ಷ ತಡವಾಗಿ, 1963ರ ಡಿಸೆಂಬರ್‌ನಲ್ಲಿ, ಅದೂ ಕತ್ತರಿ ಹಾಕಿಸಿಕೊಂಡು.

ಅಷ್ಟು ಹೊತ್ತಿಗೆ ಎರಡು ಚಿತ್ರಕ್ಕೊಂದು ಟಿಕೆಟ್ಟು ಕೊಳ್ಳುವವರು ಮನೆಯಲ್ಲಿ ಕೂತಿದ್ದರು. 1955ರ ಸೆಪ್ಟೆಂಬರ್‌ನಲ್ಲಿ ಐಟಿವಿ ಶುರುವಾಗಿತ್ತು. 163 ಕೋಟಿ ಇದ್ದ ಟಿಕೆಟ್ಟು ಮಾರಾಟ 1965ಕ್ಕೆ 33 ಕೋಟಿ ಮುಟ್ಟಿತು. ಒಂದು ಗಂಟೆಯ ಕೊಲೆಯನ್ನು ಟಿವಿ ಬಿಟ್ಟಿಯಾಗಿ ತೋರಿಸುವಾಗ ಚಿತ್ರಮಂದಿರಕ್ಕೆ ಯಾರು ಹೋಗುತ್ತಾರೆ? ಅಗ್ಗದ ಚಿತ್ರ ಮಾಡುತ್ತಿದ್ದ ರಾಬರ್ಟ್ ಬೇಕರ್ ಮತ್ತು ಮಾಂಟಿ ಬರ್ಮನ್ ಜೋಡಿ ರೋಜರ್ ಮೂರ್‌ನನ್ನು ಹಿಡಿದು 'ದಿ ಸೇಂಟ್' ಮಾಡಿ ಟಿವಿಗೆ ದಾಟಿತು. ವಾಲೇಸ್ ಸರಣಿಯ ಚಿತ್ರಗಳೂ ಟಿವಿಗೇ ಹೋದವು. ಈಗ ಅವಕ್ಕೆ ಟಾಕಿಂಗ್ ಪಿಕ್ಚರ್ಸ್ ಟಿವಿ ಎಂಬ ಚಾನೆಲ್ ಇದೆ, 2015ರಲ್ಲಿ ಒಂದು ಕುಟುಂಬ ಶುರುಮಾಡಿದ್ದು. ಕಾಟಾಚಾರಕ್ಕೆ ಮಾಡಿದ್ದನ್ನು ಜೋಪಾನ ಮಾಡುವವರು ಕಡೆಗೂ ಸಿಕ್ಕಿದರು.

ಹಗ್ಗದ ಕೊನೆಯ ಅಂಕ ನಡೆದದ್ದು ಸ್ಟುಡಿಯೋದ ಹೊರಗೆ. 1964ರ ಏಪ್ರಿಲ್. ಇಂಗ್ಲೆಂಡಿನ ವಾಯವ್ಯ ಮೂಲೆಯ ಒಂದು ಊರು. ಸಾಲದಲ್ಲಿ ಮುಳುಗಿದ ಇಬ್ಬರು ಹುಡುಗರು ಲಾಂಡ್ರಿ ವ್ಯಾನ್ ಓಡಿಸುವ ಒಬ್ಬ ಪರಿಚಿತನ ಮನೆಗೆ ಕದ್ದ ಕಾರಿನಲ್ಲಿ ರಾತ್ರಿ ಬರುತ್ತಾರೆ, ಹಣ ಕೇಳಲು. ಒಬ್ಬನ ಹೆಂಡತಿ ಮಕ್ಕಳು ಕಾರಿನಲ್ಲೇ ಕಾಯುತ್ತಿದ್ದಾರೆ. ಒಳಗೆ ಜಗಳ, ಏಟು, ಚೂರಿ, ಮನೆಯವನು ಸಾಯುತ್ತಾನೆ. ಅವನ ಕೈಗಡಿಯಾರ ಎತ್ತಿಕೊಂಡು ಓಡುತ್ತಾರೆ. ಕೊಲೆ ಕಳ್ಳತನದ ರಾಶಿಗೆ ಸೇರುತ್ತದೆ. ಒಬ್ಬ ತನ್ನ ರೇನ್‌ಕೋಟನ್ನು ಅಲ್ಲೇ ಮರೆತುಬಂದಿದ್ದ. ಅದರ ಜೇಬಿನಲ್ಲಿ ಒಂದು ಪದಕ, ಪದಕದ ಮೇಲೆ ಅವನದೇ ಹೆಸರು. ಮರ್ಟನ್ ಪಾರ್ಕಿನಲ್ಲಿ ಇಂಥ ಸುಳಿವು ಬರೆದುಕೊಟ್ಟಿದ್ದರೆ ಗ್ರೀನ್‌ವುಡ್ ಸ್ಕ್ರಿಪ್ಟ್ ವಾಪಸ್ ಕಳಿಸುತ್ತಿದ್ದನೋ ಏನೋ. ಆಗಸ್ಟ್ 13ರ ಬೆಳಗ್ಗೆ ಎಂಟು ಗಂಟೆಗೆ ಇಬ್ಬರನ್ನೂ ಏಕಕಾಲಕ್ಕೆ ನೇಣಿಗೇರಿಸಿದರು, ಒಬ್ಬನನ್ನು ಲಿವರ್‌ಪೂಲಿನಲ್ಲಿ, ಇನ್ನೊಬ್ಬನನ್ನು ಮ್ಯಾಂಚೆಸ್ಟರಿನಲ್ಲಿ. ಬ್ರಿಟನ್ನಿನಲ್ಲಿ ಅದೇ ಕೊನೆಯದು. ಮರುವರ್ಷ ಪಾರ್ಲಿಮೆಂಟು ಕೊಲೆಗೆ ಮರಣದಂಡನೆ ತೆಗೆಯಿತು, ಮರ್ಟನ್ ಪಾರ್ಕಿನಲ್ಲಿ ವಾಲೇಸನ ಪ್ರತಿಮೆಯೂ ತಿರುಗುವುದನ್ನು ನಿಲ್ಲಿಸಿತು.